ಬೆಕ್ಕಿನ ಕಡಿತ, ಪರಚುಗಾಯಕ್ಕೂ ಪೂರ್ಣ ರೇಬೀಸ್ ಚಿಕಿತ್ಸೆ ಕೋರಿ ಹನುಮನಹಳ್ಳಿ ಗ್ರಾಮಸ್ಥರ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ
(ಮಾನ್ಯ ತಹಶೀಲ್ದಾರರು, ಗಂಗಾವತಿ ಇವರ ಮುಖಾಂತರ)

ಇಂದ,
ಹನುಮನಹಳ್ಳಿ ಗ್ರಾಮಸ್ಥರು, ಗಂಗಾವತಿ ತಾಲ್ಲೂಕು

ವಿಷಯ: ಬೆಕ್ಕುಗಳಿಗೆ ರೇಬೀಸ್ ಲಸಿಕೆ ಹಾಕಿಸುವ ಹಾಗೂ ಗಾಯಗೊಂಡವರಿಗೆ ಊರಿನ ಹತ್ತಿರವೇ ಪೂರ್ಣ ಚಿಕಿತ್ಸೆ ಒದಗಿಸುವ ಬಗ್ಗೆ.

ಮಾನ್ಯರೇ,

ಅಂಜನಾದ್ರಿ ಬೆಟ್ಟದ ಬುಡದ ನಮ್ಮೂರಲ್ಲಿ ಬೆಕ್ಕಿಲ್ಲದ ಓಣಿ ಇಲ್ಲ. ಸುತ್ತ ಭತ್ತದ ಗದ್ದೆ, ಮನೆಯೊಳಗೆ ಭತ್ತದ ಚೀಲ. ಇಲಿಯ ಕಾಟಕ್ಕೆ ಬೆಕ್ಕು ಬೇಕೇ ಬೇಕು. ಆದರೆ ಈ ಬೆಕ್ಕು ಯಾರದು ಎಂದು ಕೇಳಿದರೆ ಯಾರೂ ನಮ್ಮದು ಅನ್ನುವುದಿಲ್ಲ. ಒಂದು ಮನೆಯಲ್ಲಿ ಹಾಲು ಕುಡಿಯುತ್ತದೆ, ಇನ್ನೊಂದು ಮನೆಯ ಮಾಳಿಗೆಯಲ್ಲಿ ಮರಿ ಹಾಕುತ್ತದೆ, ಮತ್ತೊಬ್ಬರ ಹಿತ್ತಲಲ್ಲಿ ಮಲಗುತ್ತದೆ. ಬೆಕ್ಕಿಗೆ ಲಸಿಕೆ ಹಾಕಿಸಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಇದನ್ನು ಒಪ್ಪಿಕೊಂಡೇ ಈ ಮನವಿ ಬರೆಯುತ್ತಿದ್ದೇವೆ.

ನಮ್ಮ ದೇಶದಲ್ಲಿ ರೇಬೀಸ್ ಮುಖ್ಯವಾಗಿ ನಾಯಿಯಿಂದ ನಾಯಿಗೆ ಹಬ್ಬುವ ರೋಗ. ಹುಚ್ಚು ನಾಯಿ ಕಡಿದ ಬೆಕ್ಕಿಗೆ ರೋಗ ಅಂಟುತ್ತದೆ, ಆ ಬೆಕ್ಕು ಮನುಷ್ಯರಿಗೆ ಅಂಟಿಸುತ್ತದೆ. ರೋಗ ಹಿಡಿದ ಬೆಕ್ಕು ಕತ್ತಲ ಮೂಲೆ ಸೇರಿ, ಹತ್ತಿರ ಹೋದವರ ಮೇಲೆ ಒಮ್ಮೆಲೇ ಎರಗುವುದುಂಟು. ಮರಿ ಹಾಕಿರಬೇಕು ಎಂದುಕೊಂಡು ಕೈ ಚಾಚುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಸಣ್ಣ ಹುಡುಗರು. ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣದು. ಮೇಲೆ ಕಾಣುವುದು ಒಂದು ಚುಕ್ಕೆ, ಒಳಗೆ ಆಳವಾದ ಗಾಯ. ಸದಾ ಪಂಜ ನೆಕ್ಕಿಕೊಳ್ಳುವ ಪ್ರಾಣಿಯಾದ್ದರಿಂದ ಉಗುರಿನಲ್ಲೂ ಜೊಲ್ಲು ಇರುತ್ತದೆ.

"ಬೆಕ್ಕು ಪರಚಿದ್ರ ಏನಾಗ್ತೈತಿ, ಅರಿಶಿಣ ಹಚ್ಚು" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿದ್ದೇವೆ. ಶಿಕಾರಿಪುರ ತಾಲ್ಲೂಕಿನ ಮಹಿಳೆಯೊಬ್ಬರು ಬೆಕ್ಕು ಕಚ್ಚಿದ ಮೇಲೆ ಒಂದು ಸೂಜಿ ಮಾಡಿಸಿಕೊಂಡು, ಗಾಯ ಮಾಯಿತೆಂದು ಉಳಿದವನ್ನು ಬಿಟ್ಟು, ಸುಮಾರು ಎರಡು ತಿಂಗಳ ಬಳಿಕ ರೇಬೀಸ್‌ನಿಂದ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಾಟಿಯ ಕೂಲಿಗೆ ಹೋಗುವ ನಮ್ಮ ತಾಯಂದಿರು ಅದನ್ನು ಓದಿಸಿ ಕೇಳಿ ಬೆಚ್ಚಿದರು. ಗಾಯ ಮಾಯುತ್ತದೆ, ವಿಷಾಣು ನರದ ಜಾಡು ಹಿಡಿದು ಮಿದುಳಿನತ್ತ ಸಾಗುತ್ತಲೇ ಇರುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವೇ ಇಲ್ಲ.

ನಮ್ಮೂರಿನ ಕೂಲಿ ಕುಟುಂಬವೊಂದರ ಹುಡುಗಿಗೆ ಬೆಕ್ಕು ಮುಂಗೈ ಪರಚಿ ರಕ್ತ ಬಂದಿತ್ತು. ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟಳು. ತಿಳಿದ ಕೂಡಲೇ ತಾಯಿ ಕರೆದೊಯ್ದರೆ, ಒಂದು ಚಿಕಿತ್ಸಾಲಯದಲ್ಲಿ "ನಾಯಿ ಅಲ್ಲಲ್ಲ, ಬಿಡ್ರಿ" ಎಂಬ ಉತ್ತರ ಸಿಕ್ಕಿತು. ಆ ತಾಯಿ ಬಿಡಲಿಲ್ಲ, ಬೇರೆ ಕಡೆ ಹೋಗಿ ಸೂಜಿ ಹಾಕಿಸಿದರು. ಪ್ರತಿ ಸರದಿಗೂ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಎಲ್ಲ ತಾಯಂದಿರಿಗೂ ಅಷ್ಟು ಅಲೆಯುವ ಶಕ್ತಿ ಇರುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು: ಬೆಕ್ಕಿನ ಕಡಿತ, ಪರಚುಗಾಯವನ್ನು ನಾಯಿ ಕಡಿತದಷ್ಟೇ ಗಂಭೀರವಾಗಿ ಕಾಣಬೇಕೆಂದು ತಾಲ್ಲೂಕಿನ ಎಲ್ಲ ಆರೋಗ್ಯ ಕೇಂದ್ರಗಳಿಗೆ ಲಿಖಿತ ಸೂಚನೆ ಹೋಗಲಿ. ನಮಗೆ ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಲಸಿಕೆ ಸದಾ ದಾಸ್ತಾನು ಇರಲಿ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7 ಮತ್ತು 28ನೇ ದಿನ ಹೀಗೆ ನಾಲ್ಕು ಸರದಿ ಇವೆ; 28ನೇ ದಿನವೇ ಜನ ಮರೆಯುವುದು. ಆಶಾ ಕಾರ್ಯಕರ್ತೆಯರ ಮೂಲಕ ಆ ದಿನವನ್ನು ಮನೆಗೆ ಹೋಗಿ ನೆನಪಿಸುವ ವ್ಯವಸ್ಥೆ ಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು. ಅದು ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಸಿಗುವಂತಾಗಲಿ.

ಎರಡನೆಯದಾಗಿ, ಪಶುಪಾಲನಾ ಇಲಾಖೆಯವರು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪ್ರತಿ ವರ್ಷ ನಮ್ಮೂರಿಗೇ ಬಂದು ಶಿಬಿರ ನಡೆಸಲಿ. ಮೂರು ತಿಂಗಳು ತುಂಬಿದ ಬೆಕ್ಕಿಗೆ ಲಸಿಕೆ ಹಾಕಬಹುದು. ಬೆಕ್ಕಿಗಷ್ಟೇ ಹಾಕಿದರೆ ಸಾಲದು, ಬೀದಿನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಬಿದ್ದರೆ ಮಾತ್ರ ರೋಗದ ಸರಪಳಿ ಕಡಿಯುತ್ತದೆ. ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ತೊಡೆಯುವ ರಾಷ್ಟ್ರೀಯ ಕ್ರಿಯಾ ಯೋಜನೆ 2021ರಲ್ಲೇ ಬಂದಿದೆ. ಉಳಿದಿರುವ ಕಾಲ ಕಡಿಮೆ. ಬೆಕ್ಕುಗಳನ್ನು ಕೊಲ್ಲಬೇಕೆಂದಾಗಲಿ, ಚೀಲ ಕಟ್ಟಿ ಬೇರೆ ಊರಿಗೆ ಬಿಡಬೇಕೆಂದಾಗಲಿ ನಾವು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಅನುಮಾನಾಸ್ಪದವಾಗಿ ಸತ್ತ ಪ್ರಾಣಿಯ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡೂ ಆಗಲಿ.

ಮೂರನೆಯದಾಗಿ, ಕಸದ ಮಾತು. ಅಂಜನಾದ್ರಿಗೆ ಹನುಮಮಾಲೆ ವಿಸರ್ಜನೆಗೆ ಲಕ್ಷಾಂತರ ಭಕ್ತರು ಬರುತ್ತಾರೆ, ಶನಿವಾರವೂ ಜನ ಕಡಿಮೆಯಿಲ್ಲ. ಉಳಿದ ಅನ್ನ, ಎಲೆ ಬಿದ್ದಲ್ಲಿ ನಾಯಿ, ಬೆಕ್ಕು, ಮಂಗ ಒಂದೇ ರಾಶಿಗೆ ಮುತ್ತುತ್ತವೆ. ಆ ಕಸ ಅಂದಂದೇ ಎತ್ತಿಸಬೇಕು.

ಕೊನೆಯದಾಗಿ ಶಾಲೆ, ಅಂಗನವಾಡಿಗಳ ಮಾತು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಖಾರದಪುಡಿ ಸುಣ್ಣ ಹಚ್ಚಬಾರದು, ಮನೆಯಲ್ಲಿ ಮುಚ್ಚಿಡಬಾರದು ಎಂಬುದನ್ನು ಮಕ್ಕಳಿಗೆ ಹೇಳಿಕೊಡಲಿ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆಯ ತಯಾರಿಕೆ 2004ರ ಕೊನೆಗೇ ನಿಂತಿದೆ, ಈಗ ಸೂಜಿ ತೋಳಿಗೆ ಎಂದು ಡಂಗುರ ಸಾರಿಸಿದರೂ ಸರಿ.

ಶಿಬಿರದ ದಿನವನ್ನು ಒಂದು ವಾರ ಮುಂಚೆ ತಿಳಿಸಿ. ಓಣಿ ಓಣಿಯ ಬೆಕ್ಕುಗಳನ್ನು ಲೆಕ್ಕ ಹಾಕಿ, ಕೈಗೆ ಸಿಗುವಂಥವನ್ನು ಬುಟ್ಟಿಯಲ್ಲಿಟ್ಟು ತರುವ ಹೊಣೆ ನಮ್ಮದು.



ತಮ್ಮ ವಿಶ್ವಾಸಿಗಳು,
ಹನುಮನಹಳ್ಳಿ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)