ಆಟದ ಅಂಗಳದಲ್ಲಿ ಅವರಿಗೂ ಸ್ಥಾನವಿರಲಿ

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಿಂದ ಭಾರತದ ಕ್ರೀಡಾಪಟುಗಳು 29 ಪದಕಗಳೊಡನೆ ಮರಳಿದಾಗ ದೇಶವೇ ಹೆಮ್ಮೆಪಟ್ಟಿತು. ಅವುಗಳಲ್ಲಿ ಬ್ಯಾಡ್ಮಿಂಟನ್‌ನ ಒಂದು ಬೆಳ್ಳಿ ಹಾಸನ ಮೂಲದ ಐ.ಎ.ಎಸ್. ಅಧಿಕಾರಿ ಸುಹಾಸ್ ಯತಿರಾಜ್ ಅವರದು. 2012ರ ಲಂಡನ್ ಕೂಟದಲ್ಲಿ ಅದೇ ಜಿಲ್ಲೆಯ ಎಚ್.ಎನ್. ಗಿರೀಶ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದಿದ್ದರು. ಶೈಶವದಲ್ಲೇ ಪೋಲಿಯೋಗೆ ತುತ್ತಾದ ಮಾಲತಿ ಹೊಳ್ಳ ಅವರಿಗೆ 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಸಂದವು.

ಇವರಿಗೆಲ್ಲ ನಾವು ಮನಸಾರೆ ಚಪ್ಪಾಳೆ ತಟ್ಟಿದ್ದೇವೆ. ಆದರೆ ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಆಟದ ಗಂಟೆ ಬಾರಿಸಿದಾಗ, ಕಾಲಿನಲ್ಲಿ ಬಲವಿಲ್ಲದ ಹುಡುಗ ಎಲ್ಲಿರುತ್ತಾನೆ? ಗೆಳೆಯರ ಚೀಲಗಳಿಗೆ ಕಾವಲಿರುವುದೇ ಅವನ ಪಾಲಿನ ಆಟವೇ? ಭರತ ಹುಣ್ಣಿಮೆಯ ಜಾತ್ರೆಗೆ ಸುತ್ತಲಿನ ಊರುಗಳು ಮೈಲಾರದ ದಾರಿ ಹಿಡಿಯುವಾಗ, ಗಾಲಿಕುರ್ಚಿಯ ಹುಡುಗಿಯನ್ನು 'ಜನಜಂಗುಳಿಯಲ್ಲಿ ಕಷ್ಟವಮ್ಮಾ' ಎಂದು ಮನೆಯಲ್ಲೇ ಉಳಿಸುವುದಿಲ್ಲವೇ? ಇದರ ಹಿಂದೆ ಕ್ರೌರ್ಯವಿಲ್ಲ, ಕರುಣೆಯಿದೆ. ತೊಡಕಿರುವುದೂ ಅಲ್ಲಿಯೇ.

'ನಾನು ಯಾರು?' ಎಂಬ ಪ್ರಶ್ನೆಗೆ ಓರಗೆಯವರ ಕಣ್ಣುಗಳಲ್ಲಿ ಉತ್ತರ ಹುಡುಕುವ ವಯಸ್ಸು ಹದಿಹರೆಯ. 'ಪಾಪ' ಎಂಬ ಮಾತು ಆ ಪ್ರಶ್ನೆಗೆ ಉತ್ತರವಾಗದು. ಚೆಂಡು ತನ್ನ ಕೈಗೂ ಬರುತ್ತದೆ, ಕೈತಪ್ಪಿದರೆ ಬೈಗುಳವೂ ಬರುತ್ತದೆ, ತಂಡಕ್ಕೆ ತಾನು ಬೇಕಾದವನು ಎಂಬ ಅನುಭವದಿಂದ ಸ್ವಾಭಿಮಾನ ಬೆಳೆಯುತ್ತದೆ. ಸೋಲುವ ಹಕ್ಕನ್ನೂ ಕಸಿದುಕೊಳ್ಳುವ ಕರುಣೆಯನ್ನು ಗೌರವವೆನ್ನಲಾಗದು. ಆಟವು ದಣಿದ ಮನಸ್ಸಿಗೆ ವಿಶ್ರಾಂತಿಯೆಂದೂ, ಮಿತವರಿತ ವಿನೋದದಲ್ಲಿ ಸದ್ಗುಣವಿದೆಯೆಂದೂ 13ನೆಯ ಶತಮಾನದಲ್ಲೇ ಸಂತ ತೋಮಾಸ್ ಅಕ್ವಿನಾಸರು ಪ್ರತಿಪಾದಿಸಿದ್ದರು. ಹಾಗಿರುವಾಗ ಆಟವನ್ನು ಪದಕಕ್ಕೇರುವ ಮೆಟ್ಟಿಲೆಂದಷ್ಟೇ ಎಣಿಸುವುದು ಸಲ್ಲದು. ಪದಕ ಕೆಲವರಿಗೆ; ಆಟ ಎಲ್ಲರಿಗೆ.

ಕಾನೂನಿನ ಮಾತೂ ಇದೇ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಈ ಮಕ್ಕಳಿಗೆ ಕ್ರೀಡೆ ಹಾಗೂ ಮನರಂಜನೆಯ ಅವಕಾಶವನ್ನು ಇತರರಿಗೆ ಸಮಾನವಾಗಿ ಒದಗಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 16ನೆಯ ಕಲಮು ಹೇಳುತ್ತದೆ. ಕ್ರೈಸ್ತ ಆಡಳಿತದ ಶಾಲೆಗಳೂ ಇದಕ್ಕೆ ಹೊರತಲ್ಲ. ಮಗುವಿಗೆ 'ಆಟದಿಂದ ವಿನಾಯಿತಿ' ನೀಡಿ ಶಾಲೆಯು ತನ್ನ ಕರ್ತವ್ಯದಿಂದ ವಿನಾಯಿತಿ ಪಡೆಯುವಂತಿಲ್ಲ.

ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ. ಕುಳಿತು ಆಡುವ ವಾಲಿಬಾಲ್‌ಗೆ ಸಮತಟ್ಟಾದ ನೆಲ, ಒಂದು ಮೀಟರಿಗಿಂತ ತುಸು ಎತ್ತರದ ಬಲೆ, ಒಂದು ಚೆಂಡು ಸಾಕು. ಎಲ್ಲರೂ ನೆಲದ ಮೇಲೆ ಕುಳಿತರೆ ಯಾರ ಕಾಲು ಬಲಹೀನವೆಂಬ ಲೆಕ್ಕ ಬಹುಮಟ್ಟಿಗೆ ಅಳಿಯುತ್ತದೆ. ಕ್ರಿಕೆಟ್‌ನಲ್ಲಿ ಬ್ಯಾಟು ಹಿಡಿದವನ ಪರವಾಗಿ ಗೆಳೆಯನೊಬ್ಬ ಓಡಬಹುದು. ಕೇರಂ, ಚೌಕಾಬಾರ, ಹುಲಿ-ಕುರಿ ಆಟಗಳಿಗೆ ಓಟವೇ ಬೇಡ.

ಮುಂದಿನ ಬಾರಿ ಧರ್ಮಕೇಂದ್ರದ ಹಬ್ಬದ ಕ್ರೀಡಾಕೂಟಕ್ಕೆ ಪಟ್ಟಿ ಬರೆಯುವಾಗ ಯಾವ ಆಟವಿರಲಿ ಎಂದು ಈ ಮಕ್ಕಳನ್ನೇ ಕೇಳೋಣ. ಸಮಾಧಾನಕರ ಬಹುಮಾನ ಕೊಟ್ಟು ಕಳುಹಿಸುವುದು ಬೇಡ. ಗೆದ್ದರೆ ಬಹುಮಾನ ಕೊಡೋಣ. ಸೋತರೆ, ಬರುವ ವರ್ಷ ಮತ್ತೆ ಆಡಲು ಕರೆಯೋಣ.