ಒಂದ ಸಾಲ ಎರಡೆರಡ ಸಲ ಯಾಕ ಹಾಡ್ತೀರಿ?

ಹಿಂದವಾಡಿಯ ಒಂದು ಮನೆಯ ಕೆಳಗೆ ಬೈಕ್ ನಿಲ್ಲಿಸೋ ಜಾಗ ಇದೆ. ಶನಿವಾರ ಸಂಜೆ ಬೈಕುಗಳನ್ನೆಲ್ಲ ರಸ್ತೆಗೆ ತಳ್ಳಿ ನಮ್ಮ ನಾಲ್ವರು ಗೆಳೆಯರು ಅಲ್ಲಿ ಪ್ರಾಕ್ಟೀಸ್ ಮಾಡ್ತಾರೆ. ಒಂದು ಗಿಟಾರ್, ಒಂದು ಬೇಸ್, ಒಂದು ತಬಲಾ, ಅಜ್ಜನ ಕಾಲದ ಒಂದು ಹಾರ್ಮೋನಿಯಂ. ಬ್ಯಾಂಡಿಗೆ ಇನ್ನೂ ಹೆಸರಿಲ್ಲ. ಅಂಡರ್‌ಗ್ರೌಂಡ್ ಬ್ಯಾಂಡ್ ಅಂತ ಅವರು ಹೇಳ್ಕೋತಾರೆ, ಇರೋದು ಗ್ರೌಂಡ್ ಫ್ಲೋರ್‌ನಲ್ಲಿ. ಕೇಳೋಕೆ ನಾವು ಐದಾರು ಜನ ಇರ್ತೀವಿ.

ಗೋಡೆ ತುಂಬ ತತ್ತಿ ಟ್ರೇ ಅಂಟಿಸಿದ್ದಾರೆ. ಅದು ಒಳಗಿನ ಪ್ರತಿಧ್ವನಿಯನ್ನ ಸ್ವಲ್ಪ ಇಳಿಸುತ್ತೆ ಅಷ್ಟೇ, ಸದ್ದು ಹೊರಗೆ ಹೋಗೋದನ್ನ ತಡೆಯಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮೇಲಿನ ಮನೆ ಕಾಕು ಇಳಿದು ಬಂದರು. ಬಯ್ಯಬಹುದು ಅಂದ್ಕೊಂಡ್ವಿ. ಅವರು ಕೇಳಿದ್ದೇ ಬೇರೆ: "ಅಲ್ಲೋ ತಮ್ಮಾ, ಒಂದ ಸಾಲ ಎರಡೆರಡ ಸಲ ಯಾಕ ಹಾಡ್ತೀರಿ? ಮುಂದಿಂದು ಬರೂದಿಲ್ಲೇನು?"

ಬ್ಲೂಸ್ ಬಗ್ಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ನಮಗೆ ಯಾರೂ ಕೇಳಿರಲಿಲ್ಲ. ಹನ್ನೆರಡು ಬಾರ್‌ಗಳ ಬ್ಲೂಸ್ ಹಾಡಿನ ಕಟ್ಟೋಣವೇ ಹಾಗೆ. ಮೊದಲ ಸಾಲಿನಲ್ಲಿ ಕಷ್ಟ ಹೇಳೋದು. ಎರಡನೇ ಸಲ ಅದನ್ನೇ ಹೇಳೋದು, ಆದರೆ ಕೆಳಗೆ ಕಾರ್ಡ್ ಬದಲಾಗಿರುತ್ತೆ. ಮೂರನೇ ಸಾಲು ಉತ್ತರ. ಆ ಉತ್ತರದಲ್ಲಿ ಅಳುವೂ ಇರಬಹುದು, ಕುಹಕವೂ ಇರಬಹುದು. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಅಮೆರಿಕದ ದಕ್ಷಿಣದಲ್ಲಿ ಹತ್ತಿ ಹೊಲ ಬಿಡಲಾಗದ ಕಪ್ಪು ಜನ ಕಟ್ಟಿದ ಹಾಡು ಇದು.

ಹತ್ತಿ ಅಂದ ಕೂಡಲೇ ನಮ್ಮ ಸೀಮೆ ನೆನಪಾಗಬೇಕು. ಅದೇ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನ ಬ್ರಿಟಿಷರು 1840ರ ದಶಕದಲ್ಲಿ ಧಾರವಾಡದ ಕಪ್ಪು ಮಣ್ಣಿಗೆ ತಂದು ಹಾಕಿಸಿದರು. 'ಧಾರವಾಡ-ಅಮೆರಿಕನ್' ಅಂತಲೇ ಆ ಹತ್ತಿ ಹೆಸರಾಯಿತು. ಬೀಜ ಬಂತು, ಹಾಡು ಬರಲಿಲ್ಲ. ಬರೋ ಅಗತ್ಯವೂ ಇರಲಿಲ್ಲ. ನಮ್ಮಲ್ಲಿ ಗೀಗೀ ಪದ ಇತ್ತು. ಮುಂದಾಳು ಒಂದು ಮಾತು ಎತ್ತಿದರೆ ಹಿಂದಿನವರು 'ಗೀ ಗೀ' ಅಂತ ದನಿಗೂಡಿಸ್ತಾರೆ. ಕೈಯಲ್ಲಿ ದಪ್ಪು, ತಾಳ, ಒಂದೇ ತಂತಿಯ ತುಂತುಣಿ. ಮಿಸಿಸಿಪಿಯಲ್ಲೂ ಎಷ್ಟೋ ಬಡ ಹುಡುಗರು ಗೋಡೆಗೆ ಒಂದೇ ತಂತಿ ಬಿಗಿದು, ಅದರ ಮೇಲೆ ಬಾಟಲಿ ಜಾರಿಸಿ ಸಂಗೀತ ಕಲಿತರು. ಇನ್ನೊಂದು ಹೋಲಿಕೆ ಹಾರ್ಮೋನಿಯಂ ಹುಡುಗ ತೋರಿಸಿಕೊಟ್ಟ. ಗಿಟಾರಿನವರು ಮೊದಲು ಕಲಿಯೋ ಮೈನರ್ ಪೆಂಟಾಟಾನಿಕ್ ಸ್ಕೇಲ್ ಅಂದರೆ ಸ, ಗ, ಮ, ಪ, ನಿ. ಗ ಮತ್ತು ನಿ ಕೋಮಲ. ನಮ್ಮ ಧಾನಿ ರಾಗದ ಸ್ವರಗಳೂ ಇವೇ.

ಹಾಗಂತ ಗಿಟಾರ್ ಪಕ್ಕ ತಬಲಾ ಇಟ್ಟ ಕೂಡಲೇ ಫ್ಯೂಷನ್ ಆಗಲ್ಲ. ಬೆರೆಸೋದಕ್ಕೆ ಮೊದಲು ಕಿವಿ ಬೇಕು. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನ ನೋಡಿ. ಕ್ಷಯ ಹಿಡಿದು ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಅವರು ಮಾಳವದ ಹಳ್ಳಿ ಹಾಡುಗಳನ್ನ ಕೇಳ್ತಾ ಹೋದರು. ಎದ್ದ ಮೇಲೆ ಆ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ನಾವು ಅವರ ಹೆಸರಿನ ರಂಗಮಂದಿರಕ್ಕೆ ಹೋಗಿ ಚಪ್ಪಾಳೆ ತಟ್ಟಿ ಬರ್ತೀವಿ. ಆ ಧೈರ್ಯ ಮಾತ್ರ ಅಲ್ಲೇ ಬಿಟ್ಟು ಬರ್ತೀವಿ.

ಕಾಲೇಜು ಹುಡುಗರಿಂದ ಇದೆಲ್ಲ ಆಗುತ್ತಾ ಅಂತ ಕೇಳೋರಿಗೆ ಥರ್ಮಲ್ ಅಂಡ್ ಎ ಕ್ವಾರ್ಟರ್ ಉತ್ತರ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ ತಂಡ. ಬ್ಲೂಸ್, ಜಾಝ್, ಫಂಕ್, ರಾಕ್ ಎಲ್ಲ ಬೆರೆಸಿ, ಅದಕ್ಕೆ 'ಬೆಂಗಳೂರು ರಾಕ್' ಅಂತ ತಾವೇ ಹೆಸರಿಟ್ಟರು. ಸ್ವಂತ ಹಾಡು ಬಿಡಲಿಲ್ಲ. ಆದರೆ ಅವರದು ಇಂಗ್ಲಿಷ್. ಕನ್ನಡ ಈ ಸದ್ದಿಗೆ ಕೂರಲ್ಲ ಅನ್ನೋ ಮಾತನ್ನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲೇ ಸುಳ್ಳು ಮಾಡಿದರು. ಗಿಟಾರಿನ ಜೊತೆ ಶಿಶುನಾಳ ಶರೀಫರ ಪದ ಹಾಡಿದರು, ನಾವೆಲ್ಲ ಅದನ್ನ ಕೇಳ್ಕೊಂಡೇ ಬೆಳೆದ್ವಿ.

ನಮ್ಮ ಮಾತು ಇಲ್ಲಿಂದ ಮುಂದಿನದು. ಶರೀಫಜ್ಜ ಕಣ್ಣೆದುರಿನ ಗುಡುಗುಡಿ, ಸೋರುವ ಮಾಳಿಗೆ ಹಿಡಿದು ಪದ ಕಟ್ಟಿದ. ಅವನ ಪದ ಹಾಡಿದ್ರೆ ಸಾಕಾ? ನಮ್ಮ ಕಣ್ಣೆದುರು ಏನಿದೆ ಅಂತ ಯಾರು ಹಾಡಬೇಕು? ಬೆಳಗಾವಿಯಲ್ಲಿ ಕನ್ನಡ ಅಂದರೆ ಬೋರ್ಡು, ಬಸ್ಸು, ನವೆಂಬರ್ 1ರ ಮೆರವಣಿಗೆ. ಅದೂ ಬೇಕು, ನಾವೂ ಕುಣಿದಿದ್ದೀವಿ. ಆದರೆ ಬ್ಯಾಕ್ ಉಳಿದ ದಿನ, ಪ್ಲೇಸ್‌ಮೆಂಟ್ ಲಿಸ್ಟಿನಲ್ಲಿ ಹೆಸರಿಲ್ಲದ ದಿನ ಇಯರ್‌ಫೋನ್ ಹಾಕ್ಕೊಂಡು ಕೇಳೋ ಹಾಡು ಯಾವ ಭಾಷೆಯದು? ಹೆಮ್ಮೆಗೆ ಕನ್ನಡ, ನೋವಿಗೆ ಬೇರೆ ಭಾಷೆ ಅಂತಾದರೆ ಆ ಹೆಮ್ಮೆ ಎಷ್ಟು ದಿನ ಬಾಳುತ್ತೆ?

ಬ್ಯಾಂಡಿನ ಗಿಟಾರ್ ಹುಡುಗ ಖಾನಾಪುರ ಕಡೆಯವನು. ಅಪ್ಪನದು ಕಬ್ಬು. ಅವನು ಬರೆದ ಮೊದಲ ಹಾಡು ಮೂರೇ ಸಾಲು:

ಕಬ್ಬ ಹೋಗಿ ಆರ ತಿಂಗಳಾತು, ಬಿಲ್ಲ ಇನ್ನಾ ಬಂದಿಲ್ಲ
ಕಬ್ಬ ಹೋಗಿ ಆರ ತಿಂಗಳಾತು, ಬಿಲ್ಲ ಇನ್ನಾ ಬಂದಿಲ್ಲ
ಫೀಸಿನ ತಾರೀಖ ಮಾತ್ರ ನೋಡ, ಒಂದ ದಿನಾನೂ ತಪ್ಪಿಲ್ಲ

ಬ್ಲೂಸ್ ಬೇರೆಯವರ ನೋವು, ನಾವ್ಯಾಕೆ ಹಾಡಬೇಕು ಅಂತ ಕೆಲವರು ಕೇಳ್ತಾರೆ. ಸರಿಯಾದ ಪ್ರಶ್ನೆ. ಅವರ ಉಚ್ಚಾರ, ಅವರ ಹೊಲ, ಅವರ ರೈಲು ಕದ್ದು ಹಾಡಿದರೆ ಅದು ವೇಷ. ಕಟ್ಟೋಣ ಅವರದು ಅಂತ ಬಾಯಿಬಿಟ್ಟು ಹೇಳಿ, ಒಳಗೆ ನಮ್ಮ ಕಬ್ಬು ನಮ್ಮ ಬಿಲ್ಲು ತುಂಬಿದರೆ ಅದು ಸಾಲ. ಒಪ್ಪಿಕೊಂಡ ಸಾಲಕ್ಕೆ ನಾಚಿಕೆ ಇಲ್ಲ.

ಕಳೆದ ವರ್ಷ ಒಂದು ಫೆಸ್ಟ್‌ನಲ್ಲಿ ಈ ಹಾಡಿಗೆ ಅವಕಾಶ ಕೇಳಿದ್ವಿ. "ಜನಕ್ಕೆ ಗೊತ್ತಿರೋದು ಬಾರಿಸ್ರಿ" ಅಂದರು. ಹದಿನೈದು ನಿಮಿಷದಲ್ಲಿ ಆರು ನಿಮಿಷ ಸೌಂಡ್‌ಚೆಕ್, ಉಳಿದದ್ದರಲ್ಲಿ ಎರಡು ಸಿನಿಮಾ ಹಾಡು. ಗೊತ್ತಿಲ್ಲದ ಹಾಡು ಕೇಳಿಸದೇ ಇದ್ದರೆ ಅದು ಗೊತ್ತಾಗೋದು ಹೇಗೆ? ಪ್ರಾಜೆಕ್ಟ್ ರಿಪೋರ್ಟ್ ಕಾಪಿ ಹೊಡೆದರೆ ಮಾರ್ಕ್ಸ್ ಕಡಿತ, ಸ್ಟೇಜ್ ಮೇಲೆ ಕಾಪಿ ಹೊಡೆದರೆ ಫಸ್ಟ್ ಪ್ರೈಜ್. ಇದ್ಯಾವ ನ್ಯಾಯ ರೀ?

ನಾವು ಕೇಳೋದು ಎರಡೇ. ಮುಂದಿನ ಫೆಸ್ಟ್‌ನಲ್ಲಿ ಪ್ರತಿ ಬ್ಯಾಂಡೂ ಒಂದು ಸ್ವಂತ ಹಾಡು ಹಾಡಲೇಬೇಕು ಅಂತ ನಿಯಮ ಬರಲಿ. ಅದು ಕನ್ನಡವೋ ಮರಾಠಿಯೋ ಕೊಂಕಣಿಯೋ, ಬರೆದವರ ಮನೆ ಮಾತಾಗಿದ್ದರೆ ಸಾಕು. ಇನ್ನೊಂದು, ತಿಂಗಳಿಗೊಂದು ಶನಿವಾರ ಒಂದು ಖಾಲಿ ಕ್ಲಾಸ್‌ರೂಮಿನ ಕೀಲಿ ಕೊಡಿ. ಪದ ಬರೆಯೋ ಕೆಲಸಕ್ಕೆ ಕನ್ನಡ ಸಂಘದ ನಾವು ಕೂರ್ತೀವಿ.

ಅಲ್ಲಿಯವರೆಗೆ ಹಿಂದವಾಡಿಯ ಪಾರ್ಕಿಂಗ್ ಇದ್ದೇ ಇದೆ. ಕಬ್ಬಿನ ಹಾಡು ಶುರುವಾದರೆ ಕಾಕು ಈಗ ಮೆಟ್ಟಿಲ ಮೇಲೆ ಬಂದು ನಿಲ್ತಾರೆ. ಎರಡನೇ ಸಲ ಅದೇ ಸಾಲು ಬಂದಾಗ ಏನೂ ಕೇಳಲ್ಲ. ಮೂರನೇ ಸಾಲಿಗೆ ಕಾಯ್ತಾರೆ.