ನೀರೊಂದೇ ಸಾಲದು

ಹೊಸೂರು-ಕೃಷ್ಣಗಿರಿ ಪ್ರಾಂತದ ರೈತರು ರಾಗಿಯನ್ನು ತೊರೆದು, ದಕ್ಷಿಣ ಪಿನಾಕಿನಿಯ ಕೆಲವರಪಳ್ಳಿ ಜಲಾಶಯವನ್ನು ನೆಚ್ಚಿ, ಪಾಸ್ತಾಕ್ಕೆ ಯೋಗ್ಯವಾದ ಡ್ಯೂರಂ ಗೋಧಿಯನ್ನು ಬೆಳೆಯಬೇಕೆಂದೂ, ನೀರು ಹೆಚ್ಚಿದಂತೆಲ್ಲ ಕಾಳಿನ ಗುಣವೂ ಹೆಚ್ಚುವುದೆಂದೂ ಸಾರಿರುವ ಲೇಖನವನ್ನು ಓದಿ, ಲೇಖಕ ಮಹಾಶಯರ ಉತ್ಸಾಹವನ್ನು ಮೆಚ್ಚಿದೆನಾದರೂ ಅವರ ತರ್ಕವನ್ನು ಒಪ್ಪಲಾರೆನು.

ನೀರಿನಿಂದ ಹೆಚ್ಚುವುದು ಇಳುವರಿ. ಪಾಸ್ತಾ ಬೇಡುವುದಾದರೋ ಬೇಯುವಾಗ ಕರಗದಂತೆ ತನ್ನನ್ನು ಬಿಗಿಯಾಗಿ ನಿಲ್ಲಿಸುವ ಪ್ರೋಟೀನನ್ನು. ಇಳುವರಿ ಏರಿ, ಸಾರಜನಕವು ಅದಕ್ಕೆ ತಕ್ಕಷ್ಟು ದೊರೆಯದೆಹೋದರೆ, ಗಾಜಿನಂತೆ ಹೊಳೆಯಬೇಕಾದ ಕಾಳಿನಲ್ಲಿ ಹಿಟ್ಟುಹಿಟ್ಟಾದ ಮಚ್ಚೆಗಳು ಮೂಡುವುವು. ಬೀಸಿದಾಗ ಗಟ್ಟಿ ರವೆ ಕಡಮೆಯಾಗಿ ಹುಡಿಯೇ ಹೆಚ್ಚುವುದು. ಆದುದರಿಂದಲೇ ಬಲ್ಲವರು ಸಾರಜನಕದ ಒಂದಂಶವನ್ನು ತೆನೆ ಹೊರಡುವ ಕಾಲಕ್ಕೆ ಕಾದಿರಿಸುವರು. ಈ ಮಾತು ಲೇಖನದಲ್ಲಿ ಎಲ್ಲಿಯೂ ಇಲ್ಲ.

ನೀರಾವರಿಯೇ ಶತ್ರುವೆಂದು ನಾನು ಹೇಳುವವನಲ್ಲ. ಅಮೆರಿಕೆಯ ಅರಿಜೋನಾದ ಮರುಭೂಮಿಯಲ್ಲಿ ಕಾಲುವೆಯ ನೀರಿನಿಂದಲೇ ಬೆಳೆದ ಡ್ಯೂರಂ ಇಟಲಿಯವರೆಗೂ ಹೋಗುತ್ತದೆ. ಆದರೆ ಅಲ್ಲಿ ಕಾಳು ಬಲಿಯುವಾಗ ಹವೆ ಶುಷ್ಕ. ನಮ್ಮ ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿಯೋ, ಮಳೆಗಾಲ ಉಳಿಸಿಹೋದ ತೇವದಿಂದಲೇ ಈ ಗೋಧಿ ಬಹುಕಾಲದಿಂದ ಬೆಳೆದುಬಂದಿದೆ. ಹೊಸೂರಿನ ಕೆಂಪುಮಣ್ಣಿಗೆ ಆ ತೇವಧಾರಣಶಕ್ತಿಯಿಲ್ಲ. ಮೇಲಾಗಿ, ಬೇಸಗೆಯಲ್ಲಿಯೂ ಗೋಧಿಯ ತುಕ್ಕುರೋಗದ ಬೀಜಾಣುಗಳು ಬದುಕುಳಿಯುವ ನೀಲಗಿರಿ-ಪಳನಿ ಬೆಟ್ಟಗಳು ಇಲ್ಲಿಗೆ ದೂರವೂ ಅಲ್ಲ.

ರಾಗಿಯನ್ನು ಕಿತ್ತೊಗೆಯಿರೆಂದು ಉಪದೇಶಿಸುವ ಮುನ್ನ, ಪ್ರೋಟೀನಿನ ಪ್ರಮಾಣವನ್ನಳೆದು, ಅದಕ್ಕೆ ತಕ್ಕ ಬೆಲೆಯನ್ನು ಬರೆಹದಲ್ಲಿ ಒಪ್ಪಿ ಕೊಡುವ ಖರೀದಿದಾರರು ಯಾರಿರುವರೆಂಬುದನ್ನು ಲೇಖಕರು ತಿಳಿಸಬೇಕೆಂದು ಕೋರುತ್ತೇನೆ.